ತೋಟಪ್ಪನ ಮನೆಯ ಉದುರು

ನಮ್ಮೂರಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ನೀರು ಬರುತ್ತದೆಯೇ ಅಂತಲ್ಲ, ಮೇಲಿನ ಮನೆಯಲ್ಲಿ ಯಾರಿದ್ದಾರೆ ಅಂತ. ಮೇಲಿನವರ ಸದ್ದು ಕೆಳಗಿನವರ ಮನೆಗೆ ಬೀಳುತ್ತದೆ. ಬೀಳುತ್ತದೆ ಅಂದರೆ ನಿಜವಾಗಿ ಬೀಳುತ್ತದೆ, ಗೋಡೆಯ ಗಾರೆ ಉದುರಿದ ಹಾಗೆ. ಅದಕ್ಕೆ ನಾವು ಉದುರು ಅನ್ನುತ್ತೇವೆ. ಮೆಲುಮಾತು ಹಿಟ್ಟಿನ ಹಾಗೆ ಇಳಿಯುತ್ತದೆ. ನಗು ಭತ್ತದ ಹೊಟ್ಟಿನ ಹಾಗೆ ತೇಲಿಕೊಂಡು ಬರುತ್ತದೆ. ಜಗಳ ಅಂದರೆ ನುಚ್ಚು. ಅಳು ಮಾತ್ರ ಒದ್ದೆ, ಅದನ್ನು ಗುಡಿಸಲಾಗುವುದಿಲ್ಲ, ಬಟ್ಟೆ ತಗೊಂಡು ಒರೆಸಬೇಕು. ಒಂದು ಅಂತಸ್ತಿನ ಸದ್ದು ಅದರ ಕೆಳಗಿನ ಅಂತಸ್ತಿಗೆ ಬಿದ್ದು ಅಲ್ಲಿಗೆ ನಿಲ್ಲುತ್ತದೆ. ನೆಲದ ಮನೆಯವರ ಸದ್ದು ಮಣ್ಣಿಗೆ ಹೋಗುತ್ತದೆ, ಅವರಿಂದ ಯಾರಿಗೂ ತೊಂದರೆಯಿಲ್ಲ. ನೆಲದ ಮನೆಗೆ ಬಾಡಿಗೆ ಕಡಿಮೆ. ಮಾಲೀಕರು ಯಾವಾಗಲೂ ಎಲ್ಲರಿಗಿಂತ ಮೇಲಿನ ಅಂತಸ್ತಿನಲ್ಲೇ ಇರುತ್ತಾರೆ.

ನಾನು ಮತ್ತು ಅವ್ವ ನೆಲದ ಮನೆಯವರು. ಉದ್ದಿನ ಹಪ್ಪಳ ಮಾಡಿ ಮಾರುವುದು ನಮ್ಮ ಕಸುಬು. ಹಪ್ಪಳ ಒಣಗಿಸಲು ಅಂಗಳ ಬೇಕು, ಅಂಗಳ ಬೇಕಾದರೆ ನೆಲದ ಮನೆಯೇ ಆಗಬೇಕು, ಊರಿನಲ್ಲಿ ಅಂಗಳವಿರುವ ನೆಲದ ಮನೆಗಳು ಬೆರಳೆಣಿಕೆ. ನಮ್ಮ ಮೇಲೆ, ನಡುವಿನ ಮನೆಯಲ್ಲಿ, ಬಹಳ ವರ್ಷ ಒಬ್ಬರು ಪೋಸ್ಟ್‌ಮಾಸ್ತರು ಇದ್ದರು. ಅವರ ಮನೆಯಿಂದ ಬೀಳುತ್ತಿದ್ದುದು ಬೆಳಗಿನ ಮಂತ್ರದ ಪುಡಿ, ಸಂಜೆಯ ಕೆಮ್ಮಿನ ತರಿ, ಅಷ್ಟೆ. ಒಂದು ಸಲ ಕಸಪೊರಕೆ ಆಡಿಸಿದರೆ ಮುಗಿಯಿತು. ಅವರು ಊರು ಬಿಟ್ಟ ಮೇಲೆ ಆ ಮನೆಗೆ ತೋಟಪ್ಪ ಬಂದ.

ತೋಟಪ್ಪ ಮದುವೆ, ತಿಥಿ, ಎಲೆಕ್ಷನ್ ಎಲ್ಲಕ್ಕೂ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಕೊಟ್ಟ ಪೆಟ್ಟಿಗೆಗಳು ವಾಪಸ್ಸು ಬಂದಾಗ ಸರಿ ಇವೆಯೋ ಇಲ್ಲವೋ ಅಂತ ಮನೆಯಲ್ಲೇ ಹಾಕಿ ನೋಡುತ್ತಿದ್ದ. ಸರಿ ಇದ್ದರೆ ಖುಷಿಗೆ ಹಾಕುತ್ತಿದ್ದ, ಕೆಟ್ಟಿದ್ದರೆ ಸರಿಯಾಗುವವರೆಗೂ ಹಾಕುತ್ತಿದ್ದ. ಅವನ 'ಹಲೋ' ಹುಣಸೆ ಬೀಜದ ಗಾತ್ರ, ಕಪ್ಪಗೆ, ಮಿರಮಿರ. 'ಟೆಸ್ಟಿಂಗ್' ಬೀಳುವಾಗಲೇ ಒಡೆದು ಚೂಪು ಚೂಪಾಗುತ್ತಿತ್ತು. ಹಾಡಿನ ಧಡ್ ಧಡ್ ಅಂದರೆ ರಸ್ತೆಗೆ ಹಾಕುವ ಜಲ್ಲಿ. ನಾವು ಕೊಡೆ ಕಟ್ಟಿಕೊಂಡು ಅದರ ಕೆಳಗೆ ಮಣೆ ಇಟ್ಟು ಲಟ್ಟಿಸುವುದು ಕಲಿತೆವು. ಅಡುಗೆ ಮಾಡುವಾಗ ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ತಟ್ಟೆ. ಅವ್ವ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟುಕೊಂಡೇ ಓಡಾಡುತ್ತಿದ್ದಳು. ಮನುಷ್ಯರು ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ, ಅದು ಅವರ ದೊಡ್ಡ ದುರ್ಗುಣ.

ನಾವು ಒಗ್ಗಿಕೊಂಡೇ ಇರುತ್ತಿದ್ದೆವೇನೋ. ಆದರೆ ಬಟ್ಟೆ ಅಂಗಡಿಯವರ ಮಗಳ ಮದುವೆಗೆ ನಮ್ಮ ಹಪ್ಪಳ ಹೋಯಿತು, ಕೊಡೆ ತಪ್ಪಿಸಿಕೊಂಡು ಅಂಟಿದ್ದ ಉದುರಿನ ಸಮೇತ. ಉದುರಿನ ಇನ್ನೊಂದು ಗುಣ ಹೇಳಬೇಕು. ನೀರಿನಲ್ಲಿ ಮುಳುಗಿದರೆ ಅದು ತನ್ನ ಸದ್ದನ್ನು ಮತ್ತೊಮ್ಮೆ ನುಡಿದು ಕರಗಿಹೋಗುತ್ತದೆ. ಅಳುವಿಗೆ ಆ ಗುಣವಿಲ್ಲ, ಅದು ಬೀಳುವಾಗಲೇ ನೆನೆದಿರುತ್ತದೆ. ಮದುವೆ ಪಂಕ್ತಿಯಲ್ಲಿ ಬೀಗರು ಹಪ್ಪಳ ಪುಡಿ ಮಾಡಿ ಅನ್ನಸಾರಿಗೆ ಕಲಸಿಕೊಂಡರು. ಎಲೆಯ ಮೇಲಿನ ಸಾರಿನೊಳಗಿಂದ ತೋಟಪ್ಪನ ದನಿ ಎದ್ದಿತು: "ಹಲೋ, ಹಲೋ, ಕೇಳಿಸ್ತಾ ಇದೆಯೇನ್ರಪ್ಪಾ?" ಬೀಗರು ಎದ್ದು ನಿಂತರು. ಪಂಕ್ತಿ ನಕ್ಕಿತು. ಅಂಗಡಿಯವರು ಮಿಕ್ಕ ಹಪ್ಪಳವನ್ನೆಲ್ಲ ನಮ್ಮ ಬಾಗಿಲಿಗೆ ತಂದು ಸುರಿದು ಹೋದರು. ಆಮೇಲೆ ಅವ್ವ ಸಂತೆಗೆ ಹೋದರೆ ಜನ "ಏನಮ್ಮಾ, ಇವತ್ತು ಯಾವ ಹಾಡಿನ ಹಪ್ಪಳ?" ಅಂತ ಕೇಳುವುದು, ನಗುವುದು, ಕೊಳ್ಳದೆ ಮುಂದೆ ಹೋಗುವುದು. ಹೀಗೇ ನಡೆದರೆ ಒಲೆ ಆರುತ್ತಿತ್ತು.

ಅವ್ವ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದಳು. ಅವಳು ಹೋದ ಹತ್ತು ಉಸಿರಿಗೆ ನಮ್ಮ ಮನೆಯಲ್ಲಿ ನುಚ್ಚಿನ ಮಳೆ. ಜಗಳ ಅವರ ಮನೆಯಲ್ಲಿ, ಕೆಳಗೆ ನಾನು. ತೋಟಪ್ಪನದೂ ಬಿತ್ತು, ಅವ್ವನದೂ ಬಿತ್ತು. ಅವಳು ಇಳಿದು ಬಂದವಳೇ "ಲೀಲೀ, ಗುಡಿಸು. ಎಲ್ಲ ಡಬ್ಬಕ್ಕೆ ತುಂಬು. ಸಾವ್ಕಾರ್ರ ಹತ್ರ ಹೋಗೋಣ" ಅಂದಳು. ಗುಡಿಸಿದೆ. ತುಂಬಿದೆ. ನಮ್ಮ ತಪ್ಪು ಅಲ್ಲೇ ಆಯಿತು.

ಸಾವ್ಕಾರ್ ಗುರುಶಾಂತಪ್ಪನವರು ಮನೆಯ ಮಾಲೀಕರು, ಮೂರನೇ ಅಂತಸ್ತಿನಲ್ಲಿ ಇರುವವರು. ಅವರ ಪಡಸಾಲೆಯಲ್ಲಿ ದೂರು ಕೇಳಲೆಂದೇ ಇಟ್ಟ ಒಂದು ತಾಮ್ರದ ಕೊಪ್ಪರಿಗೆ ಇದೆ, ತುಂಬ ನೀರು. ಮಾಲೀಕನಾದವನು ಬಿದ್ದದ್ದನ್ನು ತಂದವರ ದೂರನ್ನು ಕೊನೆಯ ಕಾಳಿನವರೆಗೂ ಕೇಳಬೇಕು, ಕೇಳಿ ಮುಗಿಯುವವರೆಗೆ ಅನ್ನ ಮುಟ್ಟಬಾರದು, ಕೇಳದಿದ್ದರೆ ಆ ತಿಂಗಳ ಬಾಡಿಗೆ ಕೇಳುವ ಹಾಗಿಲ್ಲ. ಇದು ಊರಿನ ಕಟ್ಟಳೆ. ಆದರೆ ಯಾರೂ ಡಬ್ಬಗಟ್ಟಲೆ ಒಯ್ಯುವುದಿಲ್ಲ, ಮರ್ಯಾದೆಗೆ ಒಂದು ಚಿಟಿಕೆ ಒಯ್ಯುತ್ತಾರೆ. ನಾವೂ ಆ ಡಬ್ಬದಿಂದ ಒಂದು ಲೋಟದಷ್ಟನ್ನೇ ಒಯ್ದೆವು.

ಸಾವ್ಕಾರ್ರು ಕೊಪ್ಪರಿಗೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಅವರದು ಪಿಸುಮಾತಿನಂಥ ದನಿ, ಎಂದೂ ಏರಿಸಿದವರಲ್ಲ. "ಏನು ಸಿದ್ಲಿಂಗಮ್ಮಾ, ಅಷ್ಟು ದೊಡ್ಡ ತೊಂದರೆಯಾ? ತೋಟಪ್ಪ ಒಳ್ಳೆ ಹುಡುಗ. ನಮ್ಮ ಮೊಮ್ಮಗನ ನಾಮಕರಣಕ್ಕೆ ಸೆಟ್ಟು ಪುಕ್ಕಟೆ ಹಾಕ್ದ."

"ನಿಮಗೆ ಸದ್ದು ಕೇಳೋದೇ ಇಲ್ವಾ ಸಾವ್ಕಾರ್ರೇ?" ಅಂದೆ.

"ಕೇಳುತ್ತೆ ಮಗಾ. ಕೇಳಿದರೇನು, ನನ್ನ ಮೇಲೆ ಬೀಳೋದಿಲ್ವಲ್ಲ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಅವ್ವ ಲೋಟದಿಂದ ಒಂದು ಹಿಡಿ ತೆಗೆದು ನೀರಿಗೆ ಹಾಕಿದಳು. ತೋಟಪ್ಪನ ಹಲೋ ಬರಲಿಲ್ಲ. ಬಂದದ್ದು ಅವ್ವನ ದನಿ, ಸ್ಪಷ್ಟವಾಗಿ, ಗಂಟಲು ಹರಿಯುವ ಹಾಗೆ: "ಹೇಳ್ಕೋ ಹೋಗು ನಿನ್ನ ಸಾವ್ಕಾರನಿಗೆ! ಆ ಮುದಿಯನಿಗೆ ಕಿವಿ ಇರೋದು ಒಂಟಿ ಹಾಕ್ಕೊಳ್ಳೋಕೆ ಮಾತ್ರ!"

ಸಾವ್ಕಾರ್ರ ಕೈ ತನ್ನಷ್ಟಕ್ಕೆ ಕಿವಿಯ ಒಂಟಿಗೆ ಹೋಯಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಲೋಟದಲ್ಲಿದ್ದ ಮಿಕ್ಕದ್ದನ್ನೂ ಅವರು ತಾವೇ ಎತ್ತಿ ಹಾಕಿದರು, ಕಟ್ಟಳೆ ಕಟ್ಟಳೆಯೇ. ಅದರಲ್ಲೂ ಮುಕ್ಕಾಲು ಅವ್ವನೇ ಇದ್ದಳು. ಎಲ್ಲ ಕೇಳಿ ಮುಗಿಸಿ ಅವರು ಅದೇ ಪಿಸುದನಿಯಲ್ಲಿ "ಗಲಾಟೆ ಯಾರದು ಅಂತ ನೀರೇ ಹೇಳ್ತಲ್ಲಮ್ಮಾ. ಈ ತಿಂಗಳು ಕಳೆದ ಮೇಲೆ ಮನೆ ಖಾಲಿ ಮಾಡಿ" ಅಂದರು.

ಕೆಳಗೆ ಬಂದು ಅವ್ವ ಕಂಬಕ್ಕೊರಗಿ ಕೂತಳು. "ಹಾಸ್ಟೆಲಲ್ಲಿ ಕೂತು ಲೈಬ್ರರಿ ಪುಸ್ತಕ ಎಲ್ಲ ಓದಿ ಬಂದ್ಯಲ್ಲ, ಅದರಲ್ಲಿ ಇದಕ್ಕೆ ಏನೂ ಬರೆದಿಲ್ವಾ?" ಅಂದಳು. ಬರೆದಿರಲಿಲ್ಲ. ಆ ಪುಸ್ತಕಗಳಲ್ಲಿ ಇಂಥ ಸಂದರ್ಭದಲ್ಲಿ ಒಬ್ಬರು ಸಾಯುತ್ತಿದ್ದರು, ಇಲ್ಲವೇ ಊರು ಬಿಡುತ್ತಿದ್ದರು. ನನಗೆ ಎರಡೂ ಬೇಡವಾಗಿತ್ತು. ನನಗೆ ಅಂಗಳ ಬೇಕಾಗಿತ್ತು.

ಅಷ್ಟರಲ್ಲಿ ಸೂರಿನಿಂದ ಮತ್ತೆ ನುಚ್ಚು ಬೀಳತೊಡಗಿತು. ಹಿಂದೆಯೇ ಮೆಟ್ಟಿಲ ಮೇಲೆ ತೋಟಪ್ಪನ ಹೆಂಡತಿ ನಾಗವೇಣಿ ಬಂದಳು, ಕೈಯಲ್ಲಿ ಹಾಲಿನ ಪಾತ್ರೆ, ಮುಖ ಕೆಂಡ. "ಏನ್ರೀ ಸಿದ್ಲಿಂಗಮ್ಮಾ, ಬೈಯ್ಯೋದಿದ್ದರೆ ಎದುರಿಗೆ ಬೈಯ್ರಿ. ನೀವು ಸಾವ್ಕಾರ್ರ ಮನೇಲಿ ಕೂಗಿದ್ದು ನಮ್ಮನೆಗೆ ಬಂದು ಬಿತ್ತು. ಒಲೆ ಮೇಲಿನ ಹಾಲಿಗೆ ಬಿದ್ದು, ಹಾಲಿನೊಳಗಿಂದ ಒಂಟಿ ಒಂಟಿ ಅಂತ ಕೂಗ್ತಾ ಕೂತಿದೀರಿ! ಹಾಲೂ ಒಡೀತು!"

"ನಾವು ಕೂಗಲಿಲ್ಲ ನಾಗವೇಣಕ್ಕಾ, ಕೊಪ್ಪರಿಗೆ ಕೂಗಿದ್ದು" ಅಂದೆ. ಹೇಳುತ್ತಿದ್ದ ಹಾಗೆಯೇ ನನಗೆ ಅರ್ಥವಾಯಿತು. ಕೊಪ್ಪರಿಗೆ ಮೇಲಿನ ಅಂತಸ್ತಿನಲ್ಲಿದೆ. ಕೊಪ್ಪರಿಗೆಯಲ್ಲಿ ನುಡಿದದ್ದೆಲ್ಲ ತೋಟಪ್ಪನ ಮನೆಗೆ ಬೀಳುತ್ತದೆ. ಊರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ಯಾಕೆಂದರೆ ಎಲ್ಲರೂ ಮರ್ಯಾದೆಗೆ ಚಿಟಿಕೆಯಷ್ಟೇ ಒಯ್ಯುತ್ತಿದ್ದರು. ಚಿಟಿಕೆ ಬಿದ್ದದ್ದು ಯಾರ ಕಣ್ಣಿಗೆ ಕಾಣುತ್ತದೆ?

ಮಾರನೇ ದಿನ ನಾನು ಗುಡಿಸಿದ್ದನ್ನು ಹಳ್ಳಕ್ಕೆ ಎಸೆಯಲಿಲ್ಲ. ಊರಾಚೆ ಒಂದು ಒಣಹಳ್ಳವಿದೆ, ಊರಿನ ಉದುರೆಲ್ಲ ಹೋಗುವುದು ಅಲ್ಲಿಗೆ. ಮಳೆಗಾಲಕ್ಕೆ ಮೊದಲು ಮಣ್ಣು ಮುಚ್ಚುತ್ತಾರೆ. ಮುಚ್ಚಲು ಮರೆತ ವರ್ಷ ಹಳ್ಳ ಇಡೀ ರಾತ್ರಿ ಜಗಳವಾಡಿತ್ತಂತೆ. ನಾನು ಮೊರ ಹಿಡಿದು ಅಂಗಳದಲ್ಲಿ ಕೂತೆ. ಉದ್ದು ಕೇರಿದ ಹಾಗೆ ಕೇರಿದೆ. ನಾಗವೇಣಿಯ ಮಾತಿನ ಹಿಟ್ಟು, ಯಾರದೋ ಸೀನು, ಎಲ್ಲ ಗಾಳಿಗೆ ಹಾರಿತು. ಮೊರದ ಅಡಿಯಲ್ಲಿ ನಿಂತದ್ದು ಮೈಕಿನ ಕಪ್ಪು ಕಾಳು. ಅಷ್ಟನ್ನೂ ಎಣ್ಣೆ ಡಬ್ಬಕ್ಕೆ ತುಂಬಿ ಸೊಂಟಕ್ಕಿಟ್ಟುಕೊಂಡು ಮೂರನೇ ಅಂತಸ್ತು ಹತ್ತಿದೆ.

ಸಾವ್ಕಾರ್ರು ತಿಂಡಿಗೆ ಕೂರುವವರಿದ್ದರು. ಡಬ್ಬ ನೋಡಿ "ಇದೇನು ಮಗಾ?" ಅಂದರು.

"ದೂರು."

"ಇಷ್ಟೊಂದಾ? ಒಂದು ಚಿಟಿಕೆ ಸಾಕಲ್ವಾ?"

"ತಂದಷ್ಟನ್ನೂ ಕೇಳಬೇಕು ಅಂತ ಕಟ್ಟಳೆ. ಕೇಳಲ್ಲ ಅಂದರೆ ಹೇಳಿ, ಈ ತಿಂಗಳ ಬಾಡಿಗೆ ಉಳಿಸ್ಕೋತೀನಿ."

ಅವರು ತಟ್ಟೆಯ ಕಡೆ ಒಮ್ಮೆ ನೋಡಿ ಕೊಪ್ಪರಿಗೆಯ ಮುಂದೆ ಕೂತರು. ನಾನು ಹಿಡಿ ಹಿಡಿಯಾಗಿ ಹಾಕಿದೆ. ಹಲೋಗಳು ಎದ್ದವು. ಹಾಡುಗಳು ಅರ್ಧದಿಂದ ಶುರುವಾಗಿ ಅರ್ಧಕ್ಕೆ ನಿಂತವು. ಕೊಪ್ಪರಿಗೆ ಥರಥರ ನಡುಗಿತು. ಬಿಸಿಲು ಪಡಸಾಲೆ ದಾಟಿ ಹೋಯಿತು, ಅವರ ಇಡ್ಲಿ ಕಲ್ಲಾಯಿತು. ಕೆಳಗಿನ ಮನೆಯಲ್ಲಿ ತಗಡಿನ ಮೇಲೆ ಜಲ್ಲಿ ಸುರಿದ ಸದ್ದು, ನಂತರ ತೋಟಪ್ಪನ ಕೂಗು. ಆ ಕೂಗು ನಮ್ಮ ಮನೆಗೆ ಬಿದ್ದಿತು. ನಾಳೆಗೆ ಆಯಿತು ಅಂದುಕೊಂಡೆ.

ಹಾಗೆ ದಿನಾ ಹತ್ತಿದೆ. ತೋಟಪ್ಪ ಮೊದಲು ನಕ್ಕ. ಮೆಟ್ಟಿಲ ಮೇಲೆ ಎದುರಾದಾಗ "ಏನ್ ತಂಗೀ, ನನ್ನ ಹಾಡು ಸಾವ್ಕಾರ್ರಿಗೆ ಇಷ್ಟ ಆಯ್ತಾ?" ಅಂದ. ಆಮೇಲೆ ಅವನ ನಗು ನಿಂತಿತು. ಒಂದು ದಿನ ಅವನದೇ ಹಾಡಿನ ಒಂದು ಗಡ್ಡೆ ಅವನ ಹೊಸ ಪೆಟ್ಟಿಗೆಯ ಪರದೆಯನ್ನು ಹರಿದುಹಾಕಿತು. ಅವತ್ತು ಅವನು ದಾರಿಗೆ ಅಡ್ಡ ಕಾಲಿಟ್ಟು ನಿಂತ. "ಡಬ್ಬ ಇಳಿಸು."

"ನೀನು ಮೈಕ್ ಇಳಿಸು."

"ನಾನು ಹೊಟ್ಟೆಪಾಡಿಗೆ ಮಾಡ್ತಿದೀನಿ ಕಣೇ!"

"ಮತ್ತೆ ನಾವು ಹಪ್ಪಳ ಮಾಡೋದು ಏನು ಶೋಕಿಗಾ? ಹಿಡಕೋ, ಚೆಲ್ಲಬೇಕು ಅಂತಿದ್ದರೆ ಇಲ್ಲೇ ಚೆಲ್ಲು. ನಾಳೆ ಎರಡು ಡಬ್ಬ ತರ್ತೀನಿ. ನೀನೇ ತುಂಬಿಸಿ ಕೊಡ್ತೀಯಲ್ಲ."

ಅವನು ಕಾಲು ತೆಗೆದ.

ಆ ವಾರ ಒಂದು ಮಧ್ಯಾಹ್ನ ಕಸಪೊರಕೆ ಹಿಡಿದು ಹೊರಟರೆ ನಮ್ಮ ನೆಲದ ಮೇಲೆ ಅಲ್ಲಲ್ಲಿ ಒದ್ದೆ. ನಾಗವೇಣಿ. ಮೇಲೆ ಬಿದ್ದದ್ದನ್ನು ಗುಡಿಸುವವಳು ಅವಳೇ ಹೊರತು ತೋಟಪ್ಪನಲ್ಲ. ಅವಳ ಹಾಲು, ಅವಳ ಹಿಟ್ಟು, ಅವಳ ನೆತ್ತಿ. ಅವ್ವ ಆ ಒದ್ದೆಯನ್ನು ನೋಡಿ "ಸಾಕು ಬಿಡೇ ಲೀಲಿ, ಹೆಣ್ಣಿನ ಶಾಪ" ಅಂದಳು. ನಾನು ಬಟ್ಟೆ ತಂದು ಒರೆಸಿದೆ. ಚೆನ್ನಾಗಿ ಒರೆಸಿದೆ. ನಾವು ಅತ್ತ ಒದ್ದೆಯನ್ನು ಮಣ್ಣು ಕುಡಿಯುತ್ತದೆ, ಅದನ್ನು ಒರೆಸಲು ಯಾರೂ ಬರಬೇಕಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಮಾರನೇ ದಿನವೂ ಡಬ್ಬ ಹೊತ್ತು ಹತ್ತಿದೆ.

ತಿಂಗಳು ಕಳೆಯುತ್ತ ಬಂತು. ಸಾವ್ಕಾರ್ರು ಸೊರಗಿದ್ದರು. ಹಸಿವಿನಿಂದಲೋ, ತೋಟಪ್ಪ ಬಂದು ಹಾಕಿದ ಕಣ್ಣೀರಿನಿಂದಲೋ, ಅವರಿಗೂ ಒಂದು ಉಪಾಯ ಹೊಳೆಯಿತು. "ನೋಡು ಮಗಾ, ಕೇಳಬೇಕು ಅಂತ ಕಟ್ಟಳೆ. ಎಲ್ಲಿ ಕೂತು ಕೇಳಬೇಕು ಅಂತ ಎಲ್ಲಿದೆ? ನಾಳೆ ಕೊಪ್ಪರಿಗೆ ಕೆಳಗೆ ತರಿಸ್ತೀನಿ. ನಿಮ್ಮನೇಲೇ ಕೂತು ಕೇಳ್ತೀನಿ. ಸದ್ದೆಲ್ಲ ಮಣ್ಣಿಗೆ ಹೋಗಲಿ. ಕೇಳಿ ಮುಗಿಸಿದ ಮೇಲೆ ನೀವು ಗಂಟು ಕಟ್ಟಿ."

ಕಟ್ಟಳೆಯಲ್ಲಿ ಅದು ನಿಜವಾಗಿಯೂ ಇರಲಿಲ್ಲ. ರಾತ್ರಿ ಅವ್ವ ಮಣೆ, ಲಟ್ಟಣಿಗೆಗಳನ್ನು ಗೋಣಿಚೀಲಕ್ಕೆ ಹಾಕತೊಡಗಿದಳು. ನಾನು ಒಂದೊಂದನ್ನೂ ಹೊರಗೆ ತೆಗೆದು ಮತ್ತೆ ಅದರದರ ಜಾಗಕ್ಕೆ ಇಟ್ಟೆ. "ಕೇಳೋಕೆ ಬರ್ತಿದಾರೆ, ಅಟ್ಟೋಕಲ್ಲ" ಅಂದೆ. ಅದನ್ನು ನಾನೇ ಅಷ್ಟಾಗಿ ನಂಬಿರಲಿಲ್ಲ.

ಬೆಳಗ್ಗೆ ಇಬ್ಬರು ಆಳುಗಳು ಕೊಪ್ಪರಿಗೆ ಇಳಿಸಿದರು. ಅದರ ಹಿಂದೆ ಸಾವ್ಕಾರ್ರು ಇಳಿದರು, ಬಿಳಿ ಪಂಚೆ, ಬಿಳಿ ಶಲ್ಯ, ಬರಿ ತಲೆ. ಅವರು ನೆಲದ ಮನೆಯೊಳಗೆ ಕಾಲಿಟ್ಟದ್ದನ್ನು ಅವ್ವ ಎಂದೂ ಕಂಡಿರಲಿಲ್ಲ. ಕೊಡೆ ಕಟ್ಟಿದ್ದನ್ನು ನೋಡಿ "ಮನೆಯೊಳಗೆ ಕೊಡೆ ಬಿಚ್ಚಬಾರದು, ಅನಿಷ್ಟ" ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ಕೊಡೆ ಮಡಚಿಟ್ಟೆ. ಮನೆಗೆ ಬಂದವರು ಎಂಥವರಾದರೂ ಸರಿ, ಅವ್ವ ಕಾಫಿ ಕೊಡದೆ ಬಿಡುವವಳಲ್ಲ. ಅನ್ನ ತಾನೆ ಮುಟ್ಟಬಾರದು, ಕಾಫಿಗೇನು ಅಂತ ಅವರೂ ಲೋಟ ತಗೊಂಡರು.

ನಾನು ಡಬ್ಬ ಎತ್ತಿ ಮೊದಲ ಹಿಡಿ ಹಾಕುವವಳಿದ್ದೆ. ಮೇಲೆ ತೋಟಪ್ಪನಿಗೆ ಸುದ್ದಿ ಗೊತ್ತಿತ್ತು. ಕೊಪ್ಪರಿಗೆ ಕೆಳಗೆ ಹೋಯಿತು, ಇನ್ನು ತನ್ನ ಮನೆಗೆ ಏನೂ ಬೀಳುವುದಿಲ್ಲ ಅನ್ನುವುದಷ್ಟೇ ಅವನ ತಲೆಯಲ್ಲಿತ್ತು. ಸಾವ್ಕಾರ್ರು ಎಲ್ಲಿ ಕೂತಿದ್ದಾರೆ ಅನ್ನುವುದು ಹೊಳೆಯಲಿಲ್ಲ. ಪರದೆ ಹೊಲಿಸಿದ್ದ ಹೊಸ ಪೆಟ್ಟಿಗೆಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದವನು ಅವತ್ತು ಖುಷಿಯಿಂದ ಹಚ್ಚಿದ.

"ಹಲೋ!"

ಮೊದಲ ಕಾಳು ಸಾವ್ಕಾರ್ರ ಬೋಳುತಲೆಗೆ ಬಡಿದು ಪುಟಿಯಿತು. ಎರಡನೆಯದು ನೇರ ಕಾಫಿಯೊಳಗೆ. ಲೋಟ ಅವರ ಕೈಯಲ್ಲೇ ಕೂಗಿತು: "ಹಲೋ! ಕೇಳಿಸ್ತಾ ಇದೆಯೇನ್ರಪ್ಪಾ?" ಅವರು ಲೋಟ ಬಿಟ್ಟರು. ಬಿಳಿ ಪಂಚೆಯ ತುಂಬ ಕಾಫಿ. ಆಮೇಲೆ ಹಾಡು ಶುರುವಾಯಿತು, ಜಲ್ಲಿ. ಅವರು ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡು ಗೋಡೆಗೆ ಸರಿದರು, ಅಲ್ಲೂ ಬಿತ್ತು. ಬಾಗಿಲಿಗೆ ಓಡಬೇಕೆಂದರೆ ಕೊಪ್ಪರಿಗೆ ಅಡ್ಡ, ಅದು ಆಗಲೇ ತಾನೇ ಹಾಡತೊಡಗಿತ್ತು. ಅವ್ವ ತನ್ನ ತಲೆಯ ಸಿಂಬೆ ತೆಗೆದು ಅವರ ಕೈಗೆ ಕೊಟ್ಟಳು. "ಇಟ್ಕೊಳ್ಳಿ ಸಾವ್ಕಾರ್ರೇ. ಅಭ್ಯಾಸ ಆಗುತ್ತೆ."

ಹಾಡು ನಿಂತ ಮೇಲೆ ಅವರು ಮೈ ಕೊಡವಿಕೊಳ್ಳಲಿಲ್ಲ. ನೆಲದ ಮೇಲಿಂದ ತಮ್ಮ ಮೇಲೆ ಬಿದ್ದಷ್ಟು ಕಾಳನ್ನು ಬೆರಳಿನಿಂದ ಗೋರಿ ಶಲ್ಯಕ್ಕೆ ತುಂಬಿಕೊಂಡರು, ಗಂಟು ಹಾಕಿದರು. ದೂರು ಕೊಡಲು ಅವರಿಗೆ ಅವರಿಗಿಂತ ಮೇಲಿನ ಮಾಲೀಕ ಯಾರೂ ಇರಲಿಲ್ಲ. ಕೊಪ್ಪರಿಗೆ ಮೇಲಕ್ಕೆ ಹೊರಿಸಿದರು, ಹಿಂದೆ ತಾವು ಹತ್ತಿದರು, ತಲೆಯ ಮೇಲೆ ಸಿಂಬೆ ಹಾಗೇ ಇತ್ತು.

ನಾವು ಕೆಳಗೆ ಕಾದೆವು. ಮೇಲಿನ ಕೊಪ್ಪರಿಗೆಯಲ್ಲಿ ಹಾಡು ಎದ್ದದ್ದು ಸಣ್ಣಗೆ ಕೇಳಿಸಿತು. ಮಿಕ್ಕದ್ದೆಲ್ಲ ಆ ಹಾಡಿನಲ್ಲೇ ಮುಳುಗಿಹೋಯಿತು. ಸಾವ್ಕಾರ್ರು ಏನು ತೀರ್ಪು ಕೊಟ್ಟರೋ, ಅವರ ಪಿಸುದನಿ ಎರಡು ಅಂತಸ್ತು ದಾಟಿ ನಮ್ಮವರೆಗೆ ಬರುವಂಥದ್ದಲ್ಲ. ಅದು ಬೀಳುವುದಾದರೂ ನಡುವಿನ ಮನೆಗೆ. ಅವ್ವ ಗೋಣಿಚೀಲದ ಕಡೆ ನೋಡುತ್ತಿದ್ದಳು.

ಆಗ ನಾಗವೇಣಿ ಇಳಿದು ಬಂದಳು. ಕೂದಲಲ್ಲಿ ಕಸ, ಕೈಯಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ನಾಲ್ಕೈದು ದಪ್ಪ ಬಿಳಿ ಕಾಳು. ಸಾವ್ಕಾರ್ರ ಮಾತು ಅಂದರೆ ವಿಭೂತಿ ಉದುರಿದ ಹಾಗೆ ಅಂತ ತೋಟಪ್ಪ ಹೊಗಳುತ್ತಿದ್ದ. ಇದು ವಿಭೂತಿಯಾಗಿರಲಿಲ್ಲ.

"ಅವರು ಕೂಗಿದರು" ಅಂದಳು ನಾಗವೇಣಿ, ತನಗೇ ನಂಬಿಕೆಯಿಲ್ಲದವಳ ಹಾಗೆ. "ನಾಳೆ ಹೊತ್ತು ಏರೋದರೊಳಗೆ ಪೆಟ್ಟಿಗೆಗಳೆಲ್ಲ ಸಂತೆ ಮೈದಾನದ ಶೆಡ್ಡಿಗೆ ಹೋಗಬೇಕಂತೆ. ನೀವು ಇದೇ ಮನೇಲಿರಬಹುದಂತೆ. ಇವರು ಅಲ್ಲಿ ಕಾಲು ಹಿಡೀತಾ ಕೂತಿದಾರೆ." ತಟ್ಟೆಯನ್ನು ನನ್ನ ಕೈಗಿಟ್ಟಳು. "ನೀರಿಗೆ ಹಾಕಿ ಕೇಳು ಬೇಕಾದರೆ. ನಾನು ಸುಳ್ಳು ಹೇಳ್ತಿಲ್ಲ."

"ನಿನಗೆ ಬೇಜಾರಿಲ್ವಾ ನಾಗವೇಣಕ್ಕಾ?" ಅಂದೆ.

"ಬೇಜಾರಾ? ಆ ಪೆಟ್ಟಿಗೆ ಜೊತೆ ಸಂಸಾರ ಮಾಡ್ತಿದ್ದವಳು ನಾನು" ಅಂದಳು. "ನಿನ್ನ ಮೇಲೆ ಕೋಪ ಇದೆ. ನನ್ನ ಹಾಲು, ನನ್ನ ಹಿಟ್ಟು. ಅದು ಬೇರೆ." ಹೇಳಿ ಹತ್ತಿ ಹೋದಳು. ಆ ಕೋಪ ಇನ್ನೂ ಇದೆ, ನಾನು ಕ್ಷಮೆ ಕೇಳಿಲ್ಲ, ಅವಳು ಕೇಳು ಅಂದಿಲ್ಲ.

ಮಾರನೇ ದಿನ ಪೆಟ್ಟಿಗೆಗಳು ಇಳಿದವು. ತೋಟಪ್ಪ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಉಗುಳಿದ. ನಮಗೆ ನ್ಯಾಯ ಸಿಕ್ಕಿತು ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಾವ್ಕಾರ್ರು ತಮ್ಮ ಬೋಳುತಲೆಗೆ ನ್ಯಾಯ ಕೊಟ್ಟುಕೊಂಡರು, ಅದರ ಕೆಳಗೆ ನಾವಿದ್ದೆವು, ನಮಗೂ ಬಿತ್ತು. ಸಂತೆಯಲ್ಲಿ ಹಪ್ಪಳ ಮುರಿದು ಕಿವಿಗಿಟ್ಟು ನೋಡಿ ಕೊಳ್ಳುವವರು ಈಗಲೂ ಇದ್ದಾರೆ. ಕೊಳ್ಳುತ್ತಾರೆ ಅನ್ನುವುದು ಮುಖ್ಯ.

ಆ ಬಿಳಿ ಕಾಳುಗಳನ್ನು ನೀರಿಗೆ ಹಾಕೋಣ, ಸಾವ್ಕಾರ್ರು ಕೂಗೋದು ಹೇಗಿರುತ್ತೆ ಒಂದು ಸಲ ಕೇಳೋಣ ಅಂತ ಅವ್ವನಿಗೆ ಬಹಳ ಆಸೆ. ನಾನು ಬಿಟ್ಟಿಲ್ಲ. ಅವು ನುಡಿಯುವುದು ಒಂದೇ ಸಲ. ಎಣ್ಣೆ ಡಬ್ಬವನ್ನು ಬಿಸಿಲಿಗೆ ಒಣಗಿಸಿ, ಕಾಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಅದರೊಳಗಿಟ್ಟು, ಮುಚ್ಚಳದ ಸುತ್ತ ಮೇಣ ಹಚ್ಚಿದ್ದೇನೆ. ಮುಂದಿನ ತಿಂಗಳು ಸಾವ್ಕಾರ್ರ ಇನ್ನೊಬ್ಬ ಮೊಮ್ಮಗನಿಗೆ ನಾಮಕರಣವಂತೆ, ತೋಟಪ್ಪ ಆಗಲೇ ಮೇಲಕ್ಕೆ ಓಡಾಡುತ್ತಿದ್ದಾನೆ. ಪೆಟ್ಟಿಗೆ ಶೆಡ್ಡಿಗೆ ಹೋಗಲಿ ಅಂತ ತಾವು ಹೇಳಿಯೇ ಇಲ್ಲ ಎಂದು ಸಾವ್ಕಾರ್ರು ಹೇಳುವ ದಿನ ಬಂದೇ ಬರುತ್ತದೆ. ಅವತ್ತು ನಾನು ಡಬ್ಬ ಸೊಂಟಕ್ಕಿಟ್ಟುಕೊಂಡು ಹತ್ತುತ್ತೇನೆ, ಅವರ ಕೊಪ್ಪರಿಗೆಗೇ ಹಾಕುತ್ತೇನೆ.